ಹೊನ್ನೂರಮ್ಮನ ಸವಾಲ್ ಪದ

ಹೊನ್ನೂರಮ್ಮನ ದನಿ ಒಡೆದದ್ದು ಬಳ್ಳಾರಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ. ಹತ್ತಿಯ ದೂಳು ವರ್ಷಾನುಗಟ್ಟಲೆ ಎದೆಗಿಳಿದು, ಕಡೆಕಡೆಗೆ ರಾಗ ಎತ್ತಲು ಹೋದರೆ ಬರೀ ಕೆಮ್ಮು ಬರುತ್ತಿತ್ತು. ಅದಕ್ಕೂ ಮೊದಲು, ಅರವತ್ತರ ದಶಕದ ಕೊನೆಯಲ್ಲಿ, ಸಿರುಗುಪ್ಪದ ಸುತ್ತಮುತ್ತ ಗೀಗೀ ಪದ ಕೇಳಿದವರಿಗೆಲ್ಲ ಆಕೆಯ ಹೆಸರು ಗೊತ್ತಿತ್ತು. ಗೀಗೀ ಮೇಳದಲ್ಲಿ ಒಬ್ಬರು ಪದ ಕಟ್ಟಿ ಸವಾಲು ಹಾಕಬೇಕು, ಎದುರಿನವರು ನಿಂತ ನಿಲುವಿನಲ್ಲೇ ಜವಾಬು ಕಟ್ಟಬೇಕು. ಸವಾಲು ಹೊನ್ನೂರಮ್ಮನದು, ಜವಾಬು ಮೋಕದ ಗಾದೆಪ್ಪನದು.

ಗಾದೆಪ್ಪನಿಗೊಂದು ಚಾಳಿಯಿತ್ತು. ಎಂಥ ಸವಾಲೇ ಬರಲಿ, ದಪ್ಪು ವಾದ್ಯದ ಮೇಲೆ ಎರಡು ಪೆಟ್ಟು ಹಾಕಿ, "ಕೇಳಿದಾಕಿ ಕೇಳ ನೀನು" ಅಂತಲೇ ಶುರು ಮಾಡುತ್ತಿದ್ದ. ಆಮೇಲೆ ಹೊನ್ನೂರಮ್ಮ ಏನು ಕೇಳಿದ್ದಳೋ ಅದನ್ನು ಬುಡಮೇಲು ಮಾಡಿ ಆಕೆಗೇ ತಿರುಗಿಸುತ್ತಿದ್ದ. ಜನ ನಗುತ್ತಿದ್ದರು. ಆಕೆಗೂ ನಗು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದಳು. ಪದ ಮುಗಿದ ಮೇಲೆ ಮೇಳದವರೆಲ್ಲ ಒಂದೇ ಹಾಳೆಯ ಮೇಲೆ ಒಗ್ಗರಣೆ ಹಾಕಿದ ಮಂಡಕ್ಕಿ ಸುರಿದುಕೊಂಡು ತಿನ್ನುವಾಗ, ಮೆಣಸಿನಕಾಯಿ ಆರಿಸಿ ಆಕೆಯ ಕಡೆ ಸರಿಸುತ್ತಿದ್ದ. ಇಬ್ಬರ ನಡುವೆ ಬಾಯಿಬಿಟ್ಟು ಆಡಿದ ಮಾತು ಅಂತ ಏನೂ ಇರಲಿಲ್ಲ. ಆಡಬೇಕಾದದ್ದನ್ನೆಲ್ಲ ಪದದಲ್ಲೇ ಆಡಿ ಮುಗಿಸಿರುತ್ತಿದ್ದರು.

ಮೇಳದ ಯಜಮಾನ ಚಿದಾನಂದಪ್ಪ ಕಾಯಿಲೆ ಬಿದ್ದು ತೀರಿಕೊಂಡ. ಊರೂರಿಗೆ ಟೆಂಟ್ ಸಿನಿಮಾ ಬಂದಿತ್ತು, ಮೇಳವನ್ನು ಕರೆಸುವವರು ಕಡಿಮೆಯಾದರು. ಹೊನ್ನೂರಮ್ಮನ ಅಣ್ಣ ಆಕೆಯನ್ನು ಬಳ್ಳಾರಿಗೆ ಕರೆದುಕೊಂಡು ಬಂದು ಜಿನ್ನಿಗೆ ಸೇರಿಸಿದ. ಗಾದೆಪ್ಪ ಕೆಲಸ ಹುಡುಕಿಕೊಂಡು ಹೊಸಪೇಟೆ ಕಡೆ ಹೋದನಂತೆ ಅಂದರು ಕೆಲವರು. ಅಲ್ಲಿಂದ ಮುಂದೆ ಎಲ್ಲಿ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬಂದ ಸಂಬಂಧಗಳಿಗೆ ಹೊನ್ನೂರಮ್ಮ ಒಪ್ಪಲಿಲ್ಲ. ಅಣ್ಣನೂ ಕೇಳಿ ಕೇಳಿ ಸುಮ್ಮನಾದ.

ಕೌಲ್ ಬಜಾರಿನ ಆಕೆಯ ಓಣಿಯಲ್ಲಿ ಎರ್ರಣ್ಣನ ಟೈಲರ್ ಅಂಗಡಿ. ಜೀನ್ಸ್ ಪ್ಯಾಂಟು ಹೊಲಿಯುವುದು ಆಗಿನ್ನೂ ಹೊಸದು, ಬೆಳಗಿನಿಂದ ಮಷಿನ್ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲೊಂದು ಟೇಪ್ ರೆಕಾರ್ಡರ್. ಎಂಬತ್ತಮೂರರಲ್ಲಿ ಒಂದು ರಜೆಯ ಮಧ್ಯಾಹ್ನ ಹೊನ್ನೂರಮ್ಮ ಕುಪ್ಪಸ ಹೊಲಿಸಲು ಹೋಗಿ ಅಲ್ಲೇ ಕೂತಿದ್ದಳು. ದಪ್ಪ ಬಟ್ಟೆಯ ಮೇಲೆ ಸೂಜಿ ಒಂದೇ ಲಯದಲ್ಲಿ ಕುಟ್ಟುತ್ತಿತ್ತು. ತನಗೇ ತಿಳಿಯದೆ ಆಕೆ ಅದರ ಜೊತೆ ಬಾಯಿ ಆಡಿಸತೊಡಗಿದಳು. ಅದು ಹಾಡಲ್ಲ, ಬರೀ ಮಾತೂ ಅಲ್ಲ. ಒಂದೊಂದು ಶಬ್ದವೂ ಸೂಜಿಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿತ್ತು.

ಎರ್ರಣ್ಣ ಕಾಲು ನಿಲ್ಲಿಸಿದ. "ಅಕ್ಕಾ, ಅದನ್ನ ಇನ್ನೊಮ್ಮಿ ಹೇಳ್ರಿ."

"ಹಾಡಾಕ ಆಗೂದಿಲ್ಲಪ್ಪ ಈಗ."

"ಹಾಡಬ್ಯಾಡ್ರಿ. ಈಗ ಅಂದ್ರಲ್ಲ, ಹಂಗ ಅನ್ರಿ. ನಾ ಮಷಿನ್ ತುಳಿತೀನಿ."

ಟೇಪಿನ ರೆಕಾರ್ಡ್ ಗುಂಡಿ ಒತ್ತಿ ತುಳಿಯತೊಡಗಿದ. ಒಡಕು ದನಿಯಲ್ಲಿ ಹೊನ್ನೂರಮ್ಮ ಅಂದಳು:

"ನೀರಿಲ್ಲದ ಹೊಳಿ ಯಾವುದು ಹೇಳ,
ನೆರಳಿಲ್ಲದ ಗಿಡ ಯಾವುದು ಹೇಳ,
ಹೋದವನ ಹಾದಿ ಕಾಯ್ಕೋತ ಕುಂತು
ಸವೆದ ಹೊಸ್ತಿಲ ಯಾರದು ಹೇಳ."

ಇಂಥವೇ ಹಲವು ಸವಾಲು ಹೇಳಿ ಕ್ಯಾಸೆಟ್ಟಿನ ಒಂದು ಮಗ್ಗಲು ತುಂಬಿಸಿದಳು. ಎರ್ರಣ್ಣ ಕ್ಯಾಸೆಟ್ ತಿರುವಿಹಾಕಲು ಹೋದಾಗ ಕೈ ಹಿಡಿದಳು. "ಈ ಕಡಿ ಖಾಲಿ ಇರ್ಲಿ. ಜವಾಬು ಬೇಕಲ್ಲ."

ಆ ಕ್ಯಾಸೆಟ್ಟನ್ನು ಯಾವ ಅಂಗಡಿಯವನೂ ಮಾರಾಟಕ್ಕಿಡಲಿಲ್ಲ. ಸಿರುಗುಪ್ಪದ ಬಸ್ಸಿನ ಡ್ರೈವರನೊಬ್ಬ ಕೇಳಿ ಕಾಪಿ ಮಾಡಿಸಿಕೊಂಡ. ಅವನಿಂದ ಚಾದಂಗಡಿಗೆ, ಚಾದಂಗಡಿಯಿಂದ ಲಾರಿಗಳಿಗೆ ಹೋಯಿತು. ಕೆಲವು ತಿಂಗಳ ಮೇಲೆ ಕ್ಯಾಸೆಟ್ಟುಗಳು ಹೋದ ದಾರಿಯಲ್ಲೇ ಕೈಯಿಂದ ಕೈಗೆ ಎರ್ರಣ್ಣನ ಅಂಗಡಿಗೆ ತಿರುಗಿ ಬರತೊಡಗಿದವು, ಖಾಲಿ ಮಗ್ಗಲಲ್ಲಿ ಜವಾಬು ತುಂಬಿಕೊಂಡು.

ಮೊದಲು ಬಂದದ್ದು ಬಳ್ಳಾರಿಯ ಜಟಕಾದವರದು. ಕುದುರೆ ಓಡುವ ವೇಗದಲ್ಲಿ, ಉರ್ದು ಅರ್ಧ, ಕನ್ನಡ ಅರ್ಧ: ನೀರಿಲ್ಲದ ಹೊಳಿ ಸ್ಟೇಷನ್ ರೋಡು, ನೆರಳಿಲ್ಲದ ಗಿಡ ಕರೆಂಟ್ ಕಂಬ. ಸಿರುಗುಪ್ಪದಿಂದ ಭತ್ತದ ನಾಟಿಯ ಹೆಂಗಸರದು ಬಂತು. ಒಬ್ಬಳು ತೆಲುಗಿನಲ್ಲಿ ಮಾತೆತ್ತಿದರೆ ಇನ್ನೊಬ್ಬಳು ಕನ್ನಡದಲ್ಲಿ ಮುಗಿಸುತ್ತಿದ್ದಳು, ಹಿಂದೆ ಕೆಸರಿನಲ್ಲಿ ಕಾಲೆತ್ತಿಡುವ ಸಪ್ಪಳ. ಜನ ಅವಕ್ಕೆ ಜಟಕಾ ಪದ, ಗದ್ದಿ ಪದ ಅಂತ ಬೇರೆಬೇರೆ ಹೆಸರಿಟ್ಟರು. ಹೊನ್ನೂರಮ್ಮನದು ಮಷಿನ್ ಪದವಾಯಿತು. ಹಳೇ ಮೇಳದಲ್ಲಿ ತುಂತುಣಿ ನುಡಿಸುತ್ತಿದ್ದ ಮರಿಬಸಪ್ಪ ಕೇಳಿ ಮುಖ ಕಿವುಚಿದ. "ರಾಗ ಇಲ್ಲ, ಗೀಗೀ ಇಲ್ಲ. ಬರೇ ಬಡಬಡಿಕಿ ಐತಿ."

"ಹೌದು ಮಾಮ," ಅಂದಳು ಹೊನ್ನೂರಮ್ಮ. "ರಾಗ ಹೋದ ಮ್ಯಾಲೆ ಉಳಿದಿದ್ದು ಇದ."

ಬಂದ ಪ್ರತಿ ಕ್ಯಾಸೆಟ್ಟನ್ನೂ ಆಕೆ ಕೊನೆಯವರೆಗೆ ಕೇಳುತ್ತಿದ್ದಳು. ಚೆನ್ನಾಗಿದ್ದರೆ ಮೆಚ್ಚುತ್ತಿದ್ದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಟೇಪಿನ ಸುಯ್ ಸದ್ದನ್ನೇ ಕೇಳುತ್ತ ಕೂರುತ್ತಿದ್ದಳು. ಎರ್ರಣ್ಣ ಆರಿಸಲು ಹೋದರೆ, "ಇರ್ಲಿ ತಡಿ" ಅನ್ನುತ್ತಿದ್ದಳು.

ಒಂದು ದಿನ ಕುರುಗೋಡಿನಿಂದ ಒಂದು ಬಂತು. ಕಲ್ಲು ಒಡೆಯುವವರದು. ಒಂದು ಸಾಲು ಹೇಳುವುದು, ಸುತ್ತಿಗೆಯ ಎರಡು ಪೆಟ್ಟು, ಮತ್ತೊಂದು ಸಾಲು. ಇಷ್ಟು ನಿಧಾನದ ಪದ ಯಾರೂ ಕೇಳಿರಲಿಲ್ಲ. ಹೇಳುತ್ತಿದ್ದವನು ಎಳೆಯ ದನಿಯ ಯಾವನೋ. ಆದರೆ ಅವನು ಶುರು ಮಾಡಿದ್ದು, "ಕೇಳಿದಾಕಿ ಕೇಳ ನೀನು" ಅಂತ.

ಮಾರನೆಯ ದಿನ ಆಕೆ ಜಿನ್ನಿಗೆ ಹೋಗಲಿಲ್ಲ. ಕುರುಗೋಡಿನ ಬಸ್ ಹತ್ತಿದಳು.

ಬಸ್ ಸ್ಟ್ಯಾಂಡಿನಲ್ಲಿ ಕಲ್ಲ ಪದ ಕಟ್ಟುವವರು ಯಾರು ಅಂತ ಕೇಳಿದರೆ, ಗುಡ್ಡದ ಬುಡದ ಓಣಿಯಲ್ಲಿ ಒಂದು ಮನೆ ತೋರಿಸಿದರು. ಆ ಮನೆಯ ಮುಂದೆ ಒಬ್ಬ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ಗಾದೆಪ್ಪನ ಹೆಂಡತಿ ಜಂಬಮ್ಮ. ಹೊನ್ನೂರಮ್ಮ ತನ್ನ ಹೆಸರು ಹೇಳುತ್ತಲೇ ಅವಳು ಮೊರ ಕೆಳಗಿಟ್ಟು ಎದ್ದು ನಿಂತಳು.

"ಮೇಳದಾಗ ಸವಾಲು ಹಾಕತಿದ್ರಲ್ಲ, ನೀವೇನ್ರಿ? ಬರ್ರಿ, ಒಳಗ ಬರ್ರಿ. ಒಳಗ ಅದಾರ. ಆದ್ರ ಅವ್ರಿಗೆ ಕಿವಿ ಕೇಳಂಗಿಲ್ರಿ. ಕ್ವಾರಿಯಾಗ ಮದ್ದು ಸಿಡದು ಹೋತು, ಭಾಳ ವರ್ಷಾತು."

"ಹಂಗಾದ್ರ ಆ ಕಲ್ಲ ಪದ?"

"ಕಲ್ಲಿನ ಹುಡುಗ್ರು ಸ್ಲೇಟಿನ ಮ್ಯಾಲೆ ಕ್ಯಾಸೆಟ್ಟಿನ ಸವಾಲು ಬರದು ತೋರ್ಸಿದ್ರು. ಇವ್ರು ಜವಾಬು ಕಟ್ಟಿ ಕೊಟ್ರು. ಸವಾಲು ಯಾರದು ಅಂತ ಹುಡುಗ್ರಿಗೂ ಗೊತ್ತಿರ್ಲಿಲ್ಲ, ಇವ್ರಿಗೂ ಗೊತ್ತಿರ್ಲಿಲ್ಲ."

ಗಾದೆಪ್ಪ ಗೋಡೆಗೊರಗಿ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತವಳನ್ನು ಒಂದು ಗಳಿಗೆ ನೋಡಿ ಗುರುತು ಹಿಡಿದ. ಕಿವಿ ಕೇಳದವರು ಮಾತಾಡುವ ಹಾಗೆ ದೊಡ್ಡದಾಗಿ, "ಹೊನ್ನೂರಿ, ಇನ್ನೂ ಹಾಡತೀಯೇನು?" ಅಂದ.

ಆಕೆ ಹೌದೆಂದು ತಲೆ ಆಡಿಸಿದಳು. ದನಿ ಒಡೆದದ್ದನ್ನು ಹೇಳಲಿಲ್ಲ.

"ನಿನ್ನ ದನಿ ನನ್ನ ಕಿವ್ಯಾಗ ಹಂಗ ಐತಿ," ಅಂದ ಗಾದೆಪ್ಪ. "ಮತ್ಯಾರದೂ ಬಂದು ಅಳಿಸಿಲ್ಲ."

ಜಂಬಮ್ಮ ಒಲೆಯ ಕಡೆ ತಿರುಗಿ ಚಹಾಕ್ಕೆ ನೀರಿಟ್ಟಳು. ಹೊನ್ನೂರಮ್ಮನ ಗಂಟಲಲ್ಲಿ ಕೆಮ್ಮು ಎದ್ದಿತು. ಅವನಿಗೆ ಕೇಳುವುದಿಲ್ಲ ಅಂತ ಗೊತ್ತಿದ್ದೂ ಸೆರಗು ಬಾಯಿಗೊತ್ತಿಕೊಂಡಳು. ಜಂಬಮ್ಮನಿಗೆ ಕೇಳಿಸಿತು. ಒಂದು ಲೋಟ ಬಿಸಿನೀರು ತಂದು ಕೈಗಿಟ್ಟಳು.

ಚಹಾ ಕುಡಿದು ಹೊರಟಾಗ ಜಂಬಮ್ಮ ಬಸ್ ಸ್ಟ್ಯಾಂಡಿನವರೆಗೂ ಬಂದಳು. "ಈಗ ನಿಮ್ಮ ದನಿ ಹೆಂಗೈತಿ ಅಂತ ನಾ ಹೇಳೂದಿಲ್ಲ ತಂಗಿ," ಅಂದಳು. "ಅವ್ರ ಕಿವ್ಯಾಗ ಇದ್ದಂಗ ಇರ್ಲಿ."

ಬಳ್ಳಾರಿಗೆ ಬಂದು ಹೊನ್ನೂರಮ್ಮ ಜಿನ್ನಿಗೆ ಹೋಗುವುದನ್ನು ಬಿಟ್ಟು ಎರ್ರಣ್ಣನ ಅಂಗಡಿಯಲ್ಲೇ ಪ್ಯಾಂಟಿಗೆ ಗುಂಡಿ ಹಚ್ಚುವ ಕೆಲಸ ಹಿಡಿದಳು. ವಾರಕ್ಕೊಂದು ಹೊಸ ಪದ ಕಟ್ಟುತ್ತಿದ್ದಳು. ಟೇಪಿಗೆ ಹೇಳ್ರಿ ಅಂತ ಎರ್ರಣ್ಣ ಅಂದರೆ ಒಪ್ಪುತ್ತಿರಲಿಲ್ಲ. ಶಾಲೆಗೆ ಹೋಗುವ ಪಕ್ಕದ ಮನೆ ಹುಡುಗಿಯಿಂದ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆಸಿ, ಗಾದೆಪ್ಪನಿಗೆ ಮುಟ್ಟಿಸು ಅಂತ ಕುರುಗೋಡಿನ ಬಸ್ ಡ್ರೈವರನ ಕೈಗೆ ತಾನೇ ಹೋಗಿ ಕೊಟ್ಟು ಬರುತ್ತಿದ್ದಳು.