ಬೆಲ್ಲ ತಿಂದ ಗೂಢಚಾರರು

ಕನ್ನಡ ಸಾಹಿತ್ಯಕ್ಕೆ ಆದ ನಷ್ಟಗಳನ್ನು ಮುಂದೆ ಯಾರಾದರೂ ಪಟ್ಟಿ ಮಾಡುವುದಾದರೆ, ಮಣಿಪಾಲದ ಗುಡ್ಡದ ಮೇಲೆ ತೀರಿಕೊಂಡ ಒಂದು ಕಾದಂಬರಿಯನ್ನೂ ಸೇರಿಸಿಕೊಳ್ಳಬೇಕೆಂದು ವಿನಂತಿ. ಅದನ್ನು ಓದಿದವರಿಲ್ಲ, ಬರೆದವರೂ ಇಲ್ಲ. ಬಾಯಲ್ಲೇ ಕಟ್ಟಿದವರು ಇಬ್ಬರು, ನಾನು ಮತ್ತು ನನ್ನ ಸ್ನೇಹಿತ. ಐವತ್ತರ ದಶಕದ ಕೊನೆಗೆ ಉಡುಪಿಯಲ್ಲಿ ಮಾಸ್ತರಿಕೆಯ ತರಬೇತಿಗೆ ಸೇರಿದ್ದ ಹುಡುಗರು ನಾವು.

ಅಲ್ಲಿ ಕಲಿಸುತ್ತಿದ್ದ ಮುಖ್ಯ ವಿದ್ಯೆ ಎಂದರೆ, ಒಬ್ಬ ಪಾಠ ಮಾಡುವಾಗ ಉಳಿದವರು ಹಿಂದಿನ ಬೆಂಚಿನಲ್ಲಿ ಕುಳಿತು ಅವನ ತಪ್ಪು ಹುಡುಕುವುದು. ಆಮೇಲೆ ಹೆಡ್‌ಮಾಸ್ತರರ ಎದುರು ಒಬ್ಬೊಬ್ಬರಾಗಿ ಎದ್ದು ಅದನ್ನು ಒಪ್ಪಿಸುವುದು. ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು. ಅವನ ಅಕ್ಷರ ಸಣ್ಣದಾಯಿತು ಎಂದು ನಾನು ಹೇಳಬೇಕು, ನನ್ನ ಧ್ವನಿ ಸಣ್ಣದಾಯಿತು ಎಂದು ಅವನು. ಇದಕ್ಕಿಂತ ದೊಡ್ಡ ತಪ್ಪುಗಳು ನಮ್ಮಲ್ಲಿ ಧಾರಾಳವಾಗಿದ್ದವು. ಅವನ್ನು ಕಾಣದಿರುವುದಕ್ಕೇ ಸ್ನೇಹ ಎಂದು ಹೆಸರು.

ಕಾದಂಬರಿ ಹುಟ್ಟಿದ್ದು ಈ ವಿದ್ಯೆಯ ಹೊಟ್ಟೆಯಲ್ಲೇ. ಸಂಜೆ ನಾವು ನಡೆದುಕೊಂಡು ಗುಡ್ಡ ಹತ್ತುತ್ತಿದ್ದೆವು. ಆಗ ಅಲ್ಲಿ ಇದ್ದದ್ದು ಬೋಳು ಬಂಡೆ, ಮುಳಿಹುಲ್ಲು, ಹೊಸ ಕಟ್ಟಡಕ್ಕೆಂದು ಕಡಿದು ಪೇರಿಸಿದ ಕೆಂಪುಕಲ್ಲು. ಕಲ್ಲಿನ ಮೇಲೆ ಕುಳಿತರೆ ದೂರದಲ್ಲಿ ಕಡಲು. ಮುಸ್ಸಂಜೆಗೆ ಕಾಪುವಿನ ದೀಪಸ್ತಂಭ ಒಮ್ಮೆ ಕಣ್ಣು ಬಿಟ್ಟು ಒಮ್ಮೆ ಮುಚ್ಚುತ್ತಿತ್ತು. ನನ್ನ ಸ್ನೇಹಿತನ ಮನೆ ಅದರ ಬುಡದಲ್ಲೇ.

ಕಥೆ ಹೀಗೆ: ಆ ದೀಪಸ್ತಂಭದೊಳಗೆ ಒಂದು ಗುರುಕುಲ. ಅಲ್ಲಿ ಹುಡುಗರಿಗೆ ಗೂಢಚಾರಿಕೆಯ ತರಬೇತಿ. ದೀಪ ತಿರುಗಿದಾಗ ಅವರ ನೆರಳು ಕರಾವಳಿಯುದ್ದಕ್ಕೂ ಹೂಡೆಯಿಂದ ಉಚ್ಚಿಲದವರೆಗೆ ಚಾಚಿಕೊಳ್ಳುತ್ತದೆ, ಮನೆಮನೆಯ ಕಿಟಕಿಯಲ್ಲಿ ನಿಂತು ಮಾತು ಕೇಳುತ್ತದೆ. ಬೆಳಕು ಇನ್ನೊಂದು ಸುತ್ತು ಬರುವುದರೊಳಗೆ ಹಿಂದಿರುಗಬೇಕು. ತಡವಾದ ನೆರಳು ಹೊರಗೇ ಉಳಿಯುತ್ತದೆ, ಅದರ ಹುಡುಗ ನೆರಳಿಲ್ಲದೆ ಬದುಕಬೇಕು. ನಾಯಕರು ಇಬ್ಬರು, ಜೀವದ ಗೆಳೆಯರು. ನನ್ನ ಮನೆಮಾತು ಕೊಂಕಣಿ, ನನ್ನ ಸ್ನೇಹಿತನದು ತುಳು. ಆದಕಾರಣ ಗೂಢಚಾರರೆಲ್ಲ ಪಠ್ಯಪುಸ್ತಕದ ಕನ್ನಡ ಮಾತಾಡಿದರು. ಒಂದು ಅಧ್ಯಾಯ ನಾನು ಹೇಳಿದರೆ ಮರುದಿನದ್ದು ಅವನು. ಬರೆದಿಟ್ಟರೆ ಹೇಳುವ ರುಚಿ ಹೋದೀತೆಂದು ಬರೆಯಲಿಲ್ಲ. ಅದನ್ನು ಮುಗಿಸಬೇಕೆಂಬ ಆಸೆ ನನಗೆ ಮಾಸ್ತರನಾಗುವ ಆಸೆಗಿಂತ ದೊಡ್ಡದಿತ್ತು.

ಗುರುಕುಲದ ಗುರುವನ್ನು ಸೃಷ್ಟಿಸಿದವನು ನಾನು. ಅವನು ನಸ್ಯ ಏರಿಸುವುದು ಎಡಹೊಳ್ಳೆಗೆ ಮಾತ್ರ. ಬಲಹೊಳ್ಳೆಯನ್ನು ಉಸಿರಾಟಕ್ಕೆಂದು ಕಾದಿರಿಸಿದ್ದ. ನಮ್ಮ ಹೆಡ್‌ಮಾಸ್ತರರ ಪದ್ಧತಿಯೂ ಅದೇ. ಕಲ್ಪನೆಗೆ ಎಲ್ಲಿಂದಾದರೂ ಸಾಮಗ್ರಿ ಬೇಕಲ್ಲ!

ಒಂದು ಸಂಜೆ ನನ್ನ ಸ್ನೇಹಿತನ ಅಧ್ಯಾಯ. ನೆರಳು ಸುದ್ದಿ ತಂದ ಕೂಡಲೇ ಗುರು ಆ ಹುಡುಗನ ಮುಂದೆ, ಮನೆಗೆ ಬಂದ ನೆಂಟರಿಗೆ ಇಡುವ ಹಾಗೆ, ಒಂದು ತುಂಡು ಬೆಲ್ಲ ಮತ್ತು ಚೊಂಬು ನೀರು ಇಡುತ್ತಾನೆ. ಬೆಲ್ಲ ತಿಂದ ಬಾಯಿ ಸುಮ್ಮನಿರಬಾರದು ಎಂಬುದು ಅಲ್ಲಿನ ಕಾಯಿದೆ. ಆ ದಿನ ಒಬ್ಬ ಗೆಳೆಯನ ನೆರಳನ್ನು ಇನ್ನೊಬ್ಬನ ಕಿಟಕಿಗೇ ಕಳುಹಿಸಲಾಯಿತು. “ಹುಡುಗ ಗುರುವಿನ ಮುಖ ನೋಡಲಿಲ್ಲ. ಬೆಲ್ಲದ ತಟ್ಟೆಯನ್ನೇ ನೋಡುತ್ತ ಹೇಳಿದ. ಮರುರಾತ್ರಿ ಅದೇ ಕಿಟಕಿಗೆ ಹೋದ ನೆರಳು ಬೆಳಕು ಸುತ್ತು ಬಂದರೂ ಹಿಂದಿರುಗಲಿಲ್ಲ,” ಎಂದು ಅವನು ನಿಲ್ಲಿಸಿದ.

“ಭಾರೀ ಲಾಯ್ಕ ಉಂಟು ಮಾರಾಯ! ಎಲ್ಲಿಂದ ಬಂತು ನಿನಗೆ ಇದು?”

“ಎಲ್ಲಿಂದಲೋ ಬಂತು,” ಎಂದು ಹುಲ್ಲು ಕಿತ್ತ.

“ನೆರಳು ವಾಪಸ್ ಬರ್ತದಾ?”

“ಅದು ಕೊನೆಯ ಅಧ್ಯಾಯ. ನಾನೇ ಹೇಳಬೇಕು. ನೀನು ಕೈ ಹಾಕಬೇಡ.”

ಮರುವಾರ ಹೆಡ್‌ಮಾಸ್ತರರು ನನ್ನನ್ನು ಮನೆಗೆ ಕರೆಸಿದರು. ನನ್ನ ಸ್ನೇಹಿತನಿಗೆ ರಾತ್ರಿಯ ಊಟ ಅವರ ಮನೆಯಲ್ಲೇ; ಬಡವರ ಹುಡುಗನೆಂದು ಅವರು ಮಾಡಿಕೊಟ್ಟ ಏರ್ಪಾಡು. ಜಗಲಿಯ ಮೇಜಿನ ಮೇಲೆ ಒಂದು ಚೊಂಬು, ಒಂದು ತಟ್ಟೆ, ತಟ್ಟೆಯಲ್ಲಿ ಅರ್ಧ ಮುರಿದ ಬೆಲ್ಲ. ಅದು ನನಗಾಗಿ ಇಟ್ಟದ್ದಲ್ಲ.

“ನಿಮ್ಮ ದೀಪಸ್ತಂಭದ ಗುರು ಯಾವ ಹೊಳ್ಳೆಗೆ ನಸ್ಯ ಏರಿಸುವುದು?”

“ಎಡದ್ದಕ್ಕೆ, ಸರ್.”

“ಬಲದ್ದಕ್ಕೆ ಎಂತ ಆಗಿದೆ?”

“ಉಸಿರಾಡಬೇಕಲ್ಲ, ಸರ್.”

ಅವರು ನನ್ನನ್ನೇ ನೋಡುತ್ತ ಎಡಕ್ಕೆ ಒಂದು ಚಿಟಿಕೆ ಏರಿಸಿದರು. ಬಳಿಕ, ಸ್ಥಾನಮಾನದ ರಕ್ಷಣೆಗಾಗಿ ಇರಬೇಕು, ಬಲಕ್ಕೂ ಏರಿಸಿ ಭಯಂಕರವಾಗಿ ಸೀನಿದರು. “ಇನ್ನೊಂದು ಅಧ್ಯಾಯ ನನ್ನ ಕಿವಿಗೆ ಬಿದ್ದರೆ ನೀವು ಮಾಸ್ತರಿಕೆಯ ಆಸೆ ಬಿಟ್ಟು ಅಪ್ಪನ ಗದ್ದೆಗೆ ಇಳಿಯಬಹುದು.”

ಆ ಕಥೆಗೆ ಲೋಕದಲ್ಲಿ ಇದ್ದ ಕೇಳುಗ ಒಬ್ಬನೇ. ಪತ್ತೇದಾರಿಕೆಗೆ ಕೆಲಸವೇ ಉಳಿಯಲಿಲ್ಲ.

ನಾನು ಅವನನ್ನು ಕೇಳಲಿಲ್ಲ, ಅವನು ಹೇಳಲಿಲ್ಲ. ಗುಡ್ಡಕ್ಕೆ ಹೋಗುವುದು ನಿಂತಿತು. ಉಳಿದ ತಿಂಗಳುಗಳನ್ನು ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು ಕಳೆದೆವು. ನನ್ನ ಕೊನೆಯ ಪಾಠ ಮುಗಿದಾಗ ಅವನು ಎದ್ದು, ಧ್ವನಿ ಸಣ್ಣದಾಯಿತು ಎಂದ. ಆ ದಿನ ಅದು ನಿಜವಾಗಿತ್ತು.

ಅವನಿಗೆ ಕಾರ್ಕಳದ ಕಡೆ ಕೆಲಸವಾಯಿತು, ನನಗೆ ಪಡುಬಿದ್ರಿ ಹತ್ತಿರದ ನಂದಿಕೂರಿನಲ್ಲಿ. ಶಾಲೆ ಬಿಟ್ಟ ಮೇಲೆ ಒಬ್ಬನೇ ಕುಳಿತು ಕಥೆ ಮುಗಿಸಲು ನೋಡುತ್ತಿದ್ದೆ. ನೆರಳನ್ನು ಗೆಳೆಯನ ಕಿಟಕಿಯವರೆಗೆ ತಂದು ನಿಲ್ಲಿಸುತ್ತಿದ್ದೆ. ಅದು ಅಲ್ಲೇ ನಿಂತಿರುತ್ತಿತ್ತು. ಹಿಂದಕ್ಕೆ ಕರೆಯಲು ನನಗೆ ಮಾತು ಹೊಳೆಯುತ್ತಿರಲಿಲ್ಲ.

ಅರುವತ್ತರ ದಶಕ ಅರ್ಧ ಕಳೆದಿತ್ತು. ಮಾಸ್ತರರ ಒಂದು ಸಭೆಗೆಂದು ಕಾರ್ಕಳಕ್ಕೆ ಹೋದವನು ಸಭೆಗೆ ಹೋಗದೆ ಅವನ ಮನೆ ಹುಡುಕಿಕೊಂಡು ಹೋದೆ.

“ಬನ್ನಿ, ಬನ್ನಿ, ಕೂತುಕೊಳ್ಳಿ,” ಎಂದ. ಆ ವಯಸ್ಸಿಗೇ ತಲೆ ನರೆಯಲು ತೊಡಗಿತ್ತು. ಊರು, ಶಾಲೆ, ಮಕ್ಕಳು ಎಲ್ಲ ಆದ ಮೇಲೆ, ಆ ಕಥೆ ಹೆಡ್‌ಮಾಸ್ತರರಿಗೆ ಹೇಗೆ ಮುಟ್ಟಿತು ಎಂದು ಕೇಳಿಯೇಬಿಟ್ಟೆ.

ಅವನಿಗೆ ಆಶ್ಚರ್ಯವಾಗಲಿಲ್ಲ. “ಅವರು ದಿನಾ ಬೆಲ್ಲ ನೀರು ಇಟ್ಟು, ಯಾರು ಸಿನಿಮಾಕ್ಕೆ ಹೋದದ್ದು, ಯಾರು ಬೀಡಿ ಸೇದುವುದು ಅಂತ ಕೇಳ್ತಿದ್ದರು. ಅವರ ಅನ್ನ ಉಣ್ಣುವವ ನಾನು, ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗ್ತದಾ? ಹುಡುಗರ ಸುದ್ದಿ ಹೇಳಿದರೆ ಯಾರಿಗಾದರೂ ಮುಂದೆ ಸಿಗುವ ಕೆಲಸ ಹೋಗ್ತದೆ. ಕಥೆ ಹೇಳಿದರೆ ಯಾರಿಗೆ ಎಂತ ಆಗ್ತದೆ ಅಂತ ನಮ್ಮ ಕಥೆ ಹೇಳಿದೆ. ಅವರಿಗೂ ರುಚಿ ಹತ್ತಿತ್ತು, ಸುಳ್ಳಲ್ಲ. ನಸ್ಯ ಒಂದು ಬಿಟ್ಟು ಹೇಳಬೇಕಿತ್ತು. ಹೇಳುವ ರಭಸದಲ್ಲಿ ನೆನಪಾಗಲಿಲ್ಲ.”

“ಆಗಲೇ ನನಗೆ ಹೇಳಬಾರದಿತ್ತಾ?”

“ನೀವು ಕೇಳಲೇ ಇಲ್ಲವಲ್ಲ.”

ಬಂದ ಕೆಲಸ ಇನ್ನೂ ಉಳಿದಿತ್ತು.

“ಆ ನೆರಳು, ವಾಪಸ್ ಬಂತಾ?”

ಅವನು ನೆನಪಿಸಿಕೊಳ್ಳಲು ನೋಡಿದ. ನಟನೆಯೇ ಎಂದು ನಾನು ತರಬೇತಿ ಪಡೆದ ಕಣ್ಣಿನಿಂದ ಪರೀಕ್ಷಿಸಿದೆ, ನಟನೆಯಲ್ಲ. “ಕೊನೆ ಇತ್ತು. ಒಳ್ಳೆಯ ಕೊನೆಯೇ ಇತ್ತು. ನಿಮಗೆ ಹೇಳಬೇಕು ಅಂತ ತುಂಬ ಸಮಯ ಇಟ್ಟುಕೊಂಡಿದ್ದೆ. ಈಗ ಎಂತದೂ ನೆನಪಿಲ್ಲ.”

ಅಷ್ಟರಲ್ಲಿ ಅವನ ಹೆಂಡತಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. ಅವನು ತಟ್ಟೆ ನೋಡಿದ, ನಾನೂ ನೋಡಿದೆ. ಬೇಡವೆಂದರೆ ಆ ತಾಯಿಗೆ ಅವಮಾನ. ಒಂದು ತುಂಡು ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

ಬೆಲ್ಲ ತಿಂದ ಮೇಲೆ ಏನಾದರೂ ಹೇಳಲೇಬೇಕಲ್ಲ. ಪಡುಬಿದ್ರಿಗೆ ಬಸ್ಸು ಎಷ್ಟು ಹೊತ್ತಿಗೆ ಉಂಟು ಎಂದು ಕೇಳಿದೆ.