ಗೋಡೆಯ ಮೇಲೆ ಮೂರು ಮುಖ, ಕೈಯಲ್ಲಿ ಆರು

ನಿಮ್ಮ ಮಗುವಿನ ಶಾಲೆಯಲ್ಲಿ ಗಣಿತದ ಬೀರುವಿಗೆ ಬೀಗ ಬಿದ್ದಿದೆಯೆಂಬುದು ನಿಮಗೆ ಗೊತ್ತೇ? ಗೊತ್ತಿದ್ದೂ ಸುಮ್ಮನಿದ್ದೀರಾದರೆ ಆ ಬೀಗ ಹಾಕಿದವರಲ್ಲಿ ನೀವೂ ಒಬ್ಬರು. ಒಳಗೆ ಬಂದಿಯಾಗಿರುವುದು ಯಾರ ದುಡಿಮೆಯೆಂದು ತಿಳಿಯಬೇಕಾದರೆ, ಬೆಳಕು ಹರಿಯುವ ಹೊತ್ತಿಗೆ ಒಂದು ಮನೆಯ ಹಿತ್ತಿಲಿನ ತಗಡಿನ ಷೆಡ್ಡಿಗೆ ಬರಬೇಕು.

ಅಲ್ಲಿ, ತಲೆಗೆ ಬಟ್ಟೆ ಬಿಗಿದುಕೊಂಡು, ಬಡಗಿ ಅಕ್ಕ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಶಾಲೆಯ ಮಕ್ಕಳ ಬಾಯಲ್ಲಿ ಅವರು 'ಘನದಕ್ಕ'. ಚೌಕನೆಯ ಮರದ ಪಟ್ಟಿಯಿಂದ ಗರಗಸ ತುಂಡೊಂದನ್ನು ಕತ್ತರಿಸಿ ಬೀಳಿಸುತ್ತದೆ. ಅದರ ಬದಿಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಊದಿ, ಮುಂದಿರುವ ಹಲಗೆಯ ಚೌಕ ತೂತಿನಲ್ಲಿ ಇಳಿಬಿಡುತ್ತಾರೆ. ಹೊರತೆಗೆದು, ಬದಿ ಹೊರಳಿಸಿ, ಮತ್ತೆ ಇಳಿಬಿಡುತ್ತಾರೆ. ತೂತನ್ನು ಕೊರೆದವರು ಅವರ ತಂದೆ. ಯಾವ ಬದಿಯಿಂದ ಇಟ್ಟರೂ ತುಂಡು ಅದರಲ್ಲಿ ಒಂದೇ ಬಿಗಿಯಲ್ಲಿ ಇಳಿಯಬೇಕು. ಉದ್ದ, ಅಗಲ, ಎತ್ತರ ಮೂರೂ ಸಮವಾದರೆ ಮಾತ್ರ ಅದು ಘನ.

"ಒಂದು ಕಡೆ ಕೂದಲೆಳೆ ಹೆಚ್ಚಾದ್ರೂ ಅದು ಇಟ್ಟಿಗೆ ಆಗೋಗುತ್ತೆ," ಎನ್ನುತ್ತಾ ತೂತಿನಲ್ಲಿ ಇಳಿಯದೆ ತಡೆದು ನಿಂತ ತುಂಡೊಂದನ್ನು ಮೂಲೆಗೆ ಎಸೆಯುತ್ತಾರೆ. "ಇದು ಬಾಗಿಲಿಗೆ ಅಡ್ಡ ಇಡೋಕೆ ಲಾಯಕ್ಕು."

ದೂಳು ಕುಡಿದು ಕುಡಿದು ಅಕ್ಕನಿಗೆ ಮುಂಜಾನೆಯ ಕೆಮ್ಮು ಬಿಟ್ಟಿಲ್ಲ. ಎಡಗೈ ಹೆಬ್ಬೆರಳಿನ ಉಗುರು ಅರ್ಧ ಮಾತ್ರ ಬೆಳೆಯುತ್ತದೆ. ಇವೆಲ್ಲವನ್ನೂ ಅವರು ಸಹಿಸಿಕೊಂಡಿದ್ದಾರೆ. ಸಹಿಸಲಾಗದ್ದು ಒಂದೇ: ತಂಗಿ.

ತಂದೆ ಅಕ್ಕನ ಕೈಗೆ ಗರಗಸ ಕೊಟ್ಟರು, ತಂಗಿಯ ಕೈಗೆ ಕುಂಚ ಕೊಟ್ಟರು. ತಂಗಿ ಶಾಲೆಗಳ ಗೋಡೆಗೆ ಚಿತ್ರ ಬರೆಯುತ್ತಾರೆ. ಅಕ್ಕನ ತಲೆಗೂದಲಲ್ಲಿ ಮರದ ಹುಡಿ ಕಂಡರೆ ಜನ ಮೂಗು ಮುರಿಯುತ್ತಾರೆ. ತಂಗಿಯ ಕೂದಲಿಗೆ ಬಣ್ಣ ಮೆತ್ತಿದ್ದರೆ 'ಕಲಾವಿದೆ' ಎನ್ನುತ್ತಾರೆ. ಒಂದೇ ಮನೆಯ ಇಬ್ಬರು ದುಡಿಯುವ ಹೆಂಗಸರನ್ನು ಎರಡು ತಕ್ಕಡಿಯಲ್ಲಿ ತೂಗುವ ಈ ನಮ್ಮ ಚಾಳಿ ನಾಚಿಕೆಗೇಡಿನದು.

"ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ," ಎಂದು ಅಕ್ಕ ಗರಗಸದಿಂದ ಕಣ್ಣೆತ್ತದೆ ಹೇಳುತ್ತಾರೆ. "ಮುಚ್ಚಿಡೋಕೆ ಅದೇನು ಕದ್ದ ಮಾಲಾ?"

ಈ ಕಿಚ್ಚಿಗೆ ಎಣ್ಣೆ ಸುರಿದದ್ದು ಕಳೆದ ತಿಂಗಳ ಒಂದು ಬೆಳಗು. ಹೊಸ ಘನಗಳ ಚೀಲ ಹೊತ್ತು ಅಕ್ಕ ಶಾಲೆಗೆ ಹೋದರೆ, ಮುಖ್ಯೋಪಾಧ್ಯಾಯಿನಿ ಚೀಲದ ಬಾಯಿಯನ್ನೂ ಬಿಚ್ಚಿಸಲಿಲ್ಲ. "ಇನ್ನು ಇವೆಲ್ಲ ಬೇಡಮ್ಮ. ಮಕ್ಕಳು ಬೀಳಿಸ್ತಾರೆ, ಕಳೀತಾರೆ. ನಿಮ್ಮ ತಂಗಿ ಗೋಡೆ ಮೇಲೇ ಬರೆದುಕೊಟ್ಟಿದ್ದಾರಲ್ಲ, ನೋಡಿ ಬನ್ನಿ."

ಅಕ್ಕ ನೋಡಲು ಹೋದರು. ತರಗತಿಯ ಗೋಡೆಯಿಂದ ನೀಲಿ ಘನವೊಂದು ಎದ್ದು ಬರುವಂತಿತ್ತು. ಒಂದು ಬದಿಗೆ ಬೆಳಕು, ಒಂದು ಬದಿಗೆ ನೆರಳು. ಬಾಳೆಲ್ಲ ಘನ ಕಡೆದ ಕೈ, ಅದರ ಅಂಚನ್ನು ಸವರಲು ತಾನಾಗಿಯೇ ಮುಂದೆ ಹೋಯಿತು. ಸಿಕ್ಕಿದ್ದು ಸಪಾಟು ಗೋಡೆ.

"ಏನಕ್ಕಾ, ಮೂಲೆ ಚುಚ್ತಾ?" ಎಂದು ಹಿಂದಿನಿಂದ, ಇನ್ನೊಂದು ಗೋಡೆಗೆ ಬಣ್ಣ ಹಚ್ಚುತ್ತಿದ್ದ ತಂಗಿ ನಕ್ಕರು.

ಆ ನಗುವನ್ನು ಅಕ್ಕ ಇಂದಿಗೂ ಕ್ಷಮಿಸಿಲ್ಲ. "ಅವಳು ನಕ್ಕಿದ್ದಕ್ಕಲ್ಲ. ನನ್ನ ಕೈನೇ ನನಗೆ ದ್ರೋಹ ಮಾಡ್ತಲ್ಲ, ಅದಕ್ಕೆ."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, ಘನಕ್ಕೆ ಎಷ್ಟು ಮುಖ ಎಂದು ಕೇಳಿದರು. ಹುಡುಗಿ ಗೋಡೆಯ ಮೇಲೆ ಬೆರಳಿಟ್ಟು ಎಣಿಸಿದಳು: "ಮೂರು."

ತಂಗಿಯ ನಗು ನಿಂತಿತು. "ಹಿಂದಿನ ಮೂರನ್ನ ನಾನೆಲ್ಲಿ ಬರೀಲಿ ಮೇಡಂ? ಗೋಡೆ ಒಡೀಬೇಕಷ್ಟೆ!"

ಗೆದ್ದೆನೆಂಬ ಉಬ್ಬಿನಲ್ಲಿ ಅಕ್ಕ ಚೀಲದಿಂದ ಘನವೊಂದನ್ನು ತೆಗೆದು ಹುಡುಗಿಯ ಕೈಗಿಟ್ಟರು. ಅವಳು ತಿರುಗಿಸಿದಳು, ಎಣಿಸಿದಳು, ಮತ್ತೆ ತಿರುಗಿಸಿದಳು. ಎಲ್ಲ ಬದಿಯೂ ಒಂದೇ ಬಿಳಿ ಮರ. ಎಲ್ಲಿಂದ ಆರಂಭಿಸಿದ್ದೆಂಬುದೇ ಮರೆತುಹೋಯಿತು. "ಏಳು... ಅಲ್ಲ, ಎಂಟು."

ತನ್ನ ಕೆಲಸಕ್ಕೆ ಬಣ್ಣ ಸೋಕಬಾರದೆಂಬುದು ಅಕ್ಕನ ಹಟವಾಗಿತ್ತು. ಬಣ್ಣ ಬಳಿದರೆ ಮರ ದಪ್ಪವಾಗಿ ಹಲಗೆಯ ತೂತಿನಲ್ಲಿ ಇಳಿಯುವುದಿಲ್ಲ. ಮೇಲಾಗಿ ಹೊಗಳಿಕೆ ಮತ್ತೆ ಬಣ್ಣದವಳ ಪಾಲಾಗುತ್ತದೆ. ತಂಗಿ ಅನುಮತಿ ಕೇಳಲಿಲ್ಲ. ತಮ್ಮ ಬಣ್ಣದ ಡಬ್ಬಿಗಳಲ್ಲಿ ಹೆಬ್ಬೆರಳು ಅದ್ದಿ, ಒತ್ತಿ, ಒರೆಸಿ, ಮತ್ತೆ ಅದ್ದಿ, ಬದಿಗೊಂದು ಬಣ್ಣದ ಗುರುತು ಮಾಡಿದರು. ಹುಡುಗಿ ಕೆಂಪಿನಿಂದ ಹೊರಟು ಕೆಂಪು ಮರಳಿ ಬಂದಲ್ಲಿ ನಿಂತಳು. "ಆರು!" ಬಳಿಕ ಗುರುತಿಲ್ಲದ ಅಂಚುಗಳನ್ನೂ ಎಣಿಸಲು ತಾನೇ ಬೆರಳು ಓಡಿಸತೊಡಗಿದಳು.

ಮಕ್ಕಳು ಚಪ್ಪಾಳೆ ತಟ್ಟಿದರು. ತಟ್ಟಿದ್ದು ಬಣ್ಣಕ್ಕೆ ಎಂದು ಅಕ್ಕನಿಗೆ ಸಂಶಯವೇ ಇಲ್ಲ. ಆದರೂ ಮರುದಿನದಿಂದ ಷೆಡ್ಡಿನಲ್ಲಿ ಘನಗಳು ಕೂದಲೆಳೆಯಷ್ಟು ಚಿಕ್ಕವಾಗಿವೆ. ತಂಗಿಯ ಬಣ್ಣಕ್ಕೆ ಅಕ್ಕ ಜಾಗ ಬಿಟ್ಟಿದ್ದಾರೆ. ಬಣ್ಣ ಒಣಗಿದ ಮೇಲೆ ಮತ್ತೆ ಅದೇ ತೂತು, ಅದೇ ಬಿಗಿ.

"ಸೋತು ಮಾಡಿದ್ದಲ್ಲ ಕಣೆ," ಎಂದು ತಂಗಿಗೆ ಗದರುತ್ತಾರೆ.

"ಗೊತ್ತು ಬಿಡಕ್ಕಾ, ಮುಖ ಮಾತ್ರ ಯಾಕೆ ಹಾಗೆ ಊದಿದೆ?"

ಇಷ್ಟಕ್ಕೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೇಡವೆಂದಿದ್ದ ಶಾಲೆಯವರೇ ಬಣ್ಣದ ಘನಗಳನ್ನು ತರಿಸಿಕೊಂಡು, ಇಷ್ಟು ಚೆಂದದವು ಮಕ್ಕಳ ಕೈಯಲ್ಲಿ ಹಾಳಾಗಬಾರದೆಂದು ಗಾಜಿನ ಬೀರುವಿನಲ್ಲಿ ಜೋಡಿಸಿ ಬೀಗ ಹಾಕಿದರು. ಗಾಜಿನಾಚೆಯಿಂದ ನೋಡುವ ಮಗುವಿಗೆ ಒಂದೊಂದು ಘನಕ್ಕೂ ಕಾಣುವುದು ಹೆಚ್ಚೆಂದರೆ ಮೂರೇ ಮುಖ. ಗೋಡೆ ಹೋಗಿ ಗಾಜು ಬಂತು, ಅಷ್ಟೆ. ಮುಟ್ಟಲು ಬಿಡದ ವಸ್ತುವನ್ನು ಪಾಠವೆಂದು ಕರೆಯುವುದು ಮಕ್ಕಳಿಗೆ ಬಗೆಯುವ ವಂಚನೆ.

ಅಕ್ಕನಿಗೆ ಈಗ ಗಾಜಿನ ಮೇಲೂ ಹೊಟ್ಟೆಕಿಚ್ಚು. "ದಿನಾ ಅದನ್ನ ಒರೆಸ್ತಾರೆ. ನನ್ನ ಘನ ಒಂದಾದ್ರೂ ಮೂಲೆ ಸವೆದು, ಬಣ್ಣ ಕಿತ್ತು, ಕೊಳೆಯಾಗಿ ವಾಪಸ್ ಬರ್ಲಿ ನೋಡೋಣ. ಬೇರೆ ಮಾಡಿಕೊಡಲ್ಲ ಅಂತೀನಾ?"

ಓದುಗರೇ, ನಾಳೆ ಮಗುವನ್ನು ಬಿಟ್ಟು ಗೇಟಿನಿಂದಲೇ ಹಿಂದಿರುಗಬೇಡಿ. ಒಳಗೆ ಹೋಗಿ. ಬೀರುವಿನ ಕೀಲಿ ಯಾರಲ್ಲಿದೆಯೆಂದು ಕೇಳಿ, ಬೀಗ ತೆಗೆಸಿ, ಒಂದು ಘನವನ್ನು ಮಗುವಿನ ಕೈಗಿಡಿ. ಬಿದ್ದರೆ ಬೀಳಲಿ.