ರಾಗಿ ಕೋಣೆಯಲ್ಲಿ ಬೆಳಕಿನ ಲೆಕ್ಕ

ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ರಾಗಿ ಮೂಟೆ ಇಡುವುದು. ರಜೆಗೆ ಬಂದ ಮೊಮ್ಮಗಳು ಕಾಲೇಜಿನಿಂದ ತಂದ ಮಿಷಿನ್ನನ್ನು ಅಲ್ಲೇ ಹೂಡಿದಳು. ಬೆಳಕು ಅಳೆಯಬೇಕಂತೆ, ಅದಕ್ಕೆ ಕತ್ತಲೆ ಬೇಕಂತೆ.

“ಬೆಳಕು ಬೇಕಾದ್ರೆ ಜಗಲಿ ಮ್ಯಾಲೆ ಕೂತ್ಕಳೇ. ಪುಕ್ಸಟ್ಟೆ ಸುರೀತಾ ಐತೆ,” ಅಂದೆ.

“ಅಷ್ಟೊಂದು ಬ್ಯಾಡ ಕಣಜ್ಜಿ. ತೊಟ್ಟು ತೊಟ್ಟು ಬೀಳೋದು ಬೇಕು.”

ಅವಳು ತಿಳಿಸಿದ್ದು ಇಷ್ಟು. ಬೆಳಕೂ ತೊಟ್ಟಿಕ್ಕುತ್ತದೆ. ಒಂದು ತೊಟ್ಟು ಬಿದ್ದ ಕೂಡಲೇ ಮಿಷಿನ್ನು ಎಣಿಸಲು ಶುರುಮಾಡುತ್ತದೆ, ಮುಂದಿನದು ಬಿದ್ದಾಗ ನಿಲ್ಲಿಸುತ್ತದೆ. ನಡುವೆ ಎಷ್ಟು ಹೊತ್ತಾಯಿತು ಅನ್ನುವುದೇ ಲೆಕ್ಕ. ನಾವು ರೆಪ್ಪೆ ಬಡಿಯುವುದರೊಳಗೆ ಅದು ಲಕ್ಷಗಟ್ಟಲೆ ಎಣಿಸಿರುತ್ತದಂತೆ. ಇವಳಿಗೆ ಹಾಸಿಗೆಯಿಂದ ಏಳಲು ಅರ್ಧ ದಿನ ಬೇಕು, ಅಳೆಯುವುದು ಮಾತ್ರ ಅಂಥ ಚೂರು ಹೊತ್ತನ್ನು.

ಹಗಲೆಲ್ಲ ಸರಿಯಿದ್ದ ಲೆಕ್ಕ ಸಂಜೆಯಾದರೆ ಕೆಡುತ್ತಿತ್ತು. ತೊಟ್ಟುಗಳು ಒಂದರ ಮೇಲೊಂದು ನುಗ್ಗುತ್ತಿದ್ದವು. ಕಾರಣ ಸಿಗದಿದ್ದರೆ ಮಿಷಿನ್ನನ್ನು ನಾಳೆಯೇ ವಾಪಸ್ಸು ತಾ, ಬೇರೆಯವರು ಕಾಯುತ್ತಿದ್ದಾರೆ ಎಂದು ಅವಳ ಮೇಷ್ಟ್ರು ಫೋನು ಮಾಡಿದರು. ವರ್ಷದ ಓದೆಲ್ಲ ಅದರ ಮೇಲೇ ನಿಂತಿತ್ತು. ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ರಾಗಿ ಕೋಣೆಯೊಳಗೆ ಹೋಗಿ ಕೂತಳು.

ಆ ಸಂಜೆ ಎಂದಿನಂತೆ ದೇವರ ಮುಂದೆ ದೀಪ ಹಚ್ಚಿ, ಒಲೆಗೆ ತೋರಿಸಿ, ರಾಗಿಗೆ ತೋರಿಸಲು ಹೋದೆ. ಬಾಗಿಲು ತೆಗೆಯಬೇಡ ಎಂದಿದ್ದಳಲ್ಲ, ತೆಗೆಯಲಿಲ್ಲ. ಹೊರಗೇ ನಿಂತು ಹೊಸ್ತಿಲ ಹತ್ತಿರ ದೀಪ ಹಿಡಿದೆ.

ಒಳಗಿನಿಂದ ಕೂಗು ಬಂತು. “ಅಜ್ಜೀ! ಅಲ್ಲೇನ್ ಮಾಡ್ತಾ ಇದೀಯೆ?”

“ರಾಗಿಗೆ ದೀಪ ತೋರುಸ್ತಾವ್ನಿ.”

“ದಿನಾನೂವಾ?”

“ಇನ್ನೇನು, ವರ್ಸಕ್ಕೊಂದ್ ಕಿತ ತೋರುಸ್ತಾರಾ?”

ಮಿಷಿನ್ನು ಆರಿಸಿ ಹೊರಗೆ ಬಂದಳು. ಬಾಗಿಲಡಿಯ ಸಂದಿ ನೋಡಿದಳು, ದೀಪ ನೋಡಿದಳು, ನನ್ನ ಮುಖ ನೋಡಿದಳು.

“ನಿನ್ ದೀಪಾನೇ ಕಣಜ್ಜಿ ನನ್ ಲೆಕ್ಕ ಕೆಡ್ಸಿದ್ದು. ಇನ್ ಮ್ಯಾಕೆ ಇಲ್ಲಿಗೆ ತರ್ಬ್ಯಾಡ.”

“ನಿನ್ ಮಿಷಿನ್ನು ಇವತ್ತು ಬಂದೈತೆ, ನಾಳೆ ಓಯ್ತದೆ. ಅದ್ಕೋಸ್ಕರ ರಾಗೀನ ಕತ್ಲಲ್ಲಿ ಕೂರುಸ್ಲಾ? ಬೇಕಾದ್ರೆ ಅದ್ಕೂ ತೋರುಸ್ತೀನಿ, ಬುಡು.”

ಅವಳು ಅಲ್ಲೇ ನಿಂತು ಮೇಷ್ಟ್ರಿಗೆ ಫೋನಾಯಿಸಿದಳು. ಆ ಕಡೆಯ ನಗು ನನಗೂ ಕೇಳಿಸಿತು. ಮಿಷಿನ್ನು ಅಲ್ಲೇ ಇರಲಿ, ದೀಪ ಇದ್ದಾಗಿನ ಲೆಕ್ಕವನ್ನೂ ಇಲ್ಲದಾಗಿನ ಲೆಕ್ಕವನ್ನೂ ತೆಗೆದುಕೊಂಡು ಬಾ ಎಂದರಂತೆ. ಹುಡುಗಿಯ ಮುಖ ಅರಳಿತು. ನನ್ನ ಕಷ್ಟ ಶುರುವಾಯಿತು.

“ಒಂದ್ ಗಳಿಗೆ ಅಂಗೇ ಇಡ್ಕೊಂಡಿರಜ್ಜಿ. ಅಲ್ಲಾಡ್ಬ್ಯಾಡ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಳಿಗೆಯಂತೆ! ನನ್ನ ಮೊಣಕಾಲು ಬಿಗಿದುಕೊಂಡಿತು, ಬತ್ತಿ ಚಟಚಟ ಎಂದಿತು, ಬಾಗಿಲು ಮಾತ್ರ ತೆರೆಯಲಿಲ್ಲ. “ಎಣ್ಣೆ ಮುಗೀತು, ಬಂದು ಉಯ್ಯೇ!” ಎಂದು ಕಿರುಚಿದ ಮೇಲೆ, ಬಾಯಿ ತುಂಬ ನಗುತ್ತಾ ಎಣ್ಣೆ ತರಲು ಓಡಿದಳು.